3 ಹರ್ಟ್ಸ್‌ನಲ್ಲಿ ಸಿಗದೆ 50ರಲ್ಲಿ ಸಿಕ್ಕಿದ್ದು

ಕರುಳಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ ಸ್ನಾಯುಗಳನ್ನು ಸೋಲಿಸುವ ಕಾಯಿಲೆಯಾದ ಹಸುಗೂಸಿನ ಬಾಟ್ಯುಲಿಸಮನ್ನು ಕಾಸರಗೋಡಿನಲ್ಲೇ ನರ ಪರೀಕ್ಷೆಯಿಂದ ಹಿಡಿಯಬಹುದೆಂದು ನಾನು ಹೇಳಿದಾಗ ಸಹೋದ್ಯೋಗಿಗಳು ನಕ್ಕಿದ್ದರು; ಅಂಥ ಮಗುವನ್ನು ಮಂಗಳೂರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದೇ ಇಲ್ಲಿನ ರೂಢಿ. ಸುಮಾರು ಮೂರೂವರೆ ಲಕ್ಷ ಕೊಟ್ಟು ತಂದ ನರ-ಸ್ನಾಯುಗಳ ವಿದ್ಯುತ್ತನ್ನು ಅಳೆಯುವ ಹಳೆಯ ಇಎಂಜಿ ಯಂತ್ರ ಅಲ್ಲಿಯವರೆಗೆ ಮಧುಮೇಹಿಗಳ ಕಾಲುಗಳನ್ನಷ್ಟೇ ನೋಡಿತ್ತು.

ಮೊದಲ ಮಗುವಿನಲ್ಲಿ ನಾನು ಸೋತೆ. ಏಸಿ ಕೋಣೆಯಲ್ಲಿ ತಣ್ಣಗಾದ ಪಾದಕ್ಕೆ 3 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಮೂರು ಬಾರಿಯ, ವಿದ್ಯುತ್ ಪ್ರಚೋದನೆಯನ್ನಷ್ಟೇ ಕೊಟ್ಟು ‘ಸಹಜ’ ಎಂದು ಬರೆದುಬಿಟ್ಟೆ. ಆ ವರದಿ ಕಾಡುತ್ತಲೇ ಇದ್ದುದರಿಂದ ಒಂದು ಭಾನುವಾರ ನನ್ನ ಕೈಯನ್ನೇ ಐಸ್ ನೀರಿನಲ್ಲಿ ಮುಳುಗಿಸಿ ಅಳೆದಾಗ ನರದ ವೇಗ ಇಳಿದು ಸ್ನಾಯುವಿನ ಪ್ರತಿಕ್ರಿಯೆಯ ಅಲೆ ದೊಡ್ಡದಾಯಿತು. ಚಳಿ ದೌರ್ಬಲ್ಯವನ್ನು ಮುಚ್ಚಿಬಿಡುತ್ತದೆ. ಕೈ ಬೆಚ್ಚಗಾದ ಮೇಲೆ 50 ಹರ್ಟ್ಸನ್ನೂ ಕೊಟ್ಟುಕೊಂಡೆ. ಕಣ್ಣಲ್ಲಿ ನೀರು ಬಂತು, ಅಲೆಯ ಎತ್ತರವೂ ಶೇಕಡಾ 30ರಷ್ಟು ಏರಿತು, ಆದರೆ ಅಲೆಯ ವಿಸ್ತೀರ್ಣ ಇದ್ದಲ್ಲೇ ಇತ್ತು. ಎತ್ತರವನ್ನಷ್ಟೇ ನಂಬಿದವರು ಮೋಸಹೋಗುವುದು ಇಲ್ಲಿಯೇ.

ಎರಡನೆಯದು ಬದಿಯಡ್ಕ ಕಡೆಯ ನಾಲ್ಕು ತಿಂಗಳ ಮಗು. ಒಂದು ವಾರದಿಂದ ಮಲಬದ್ಧತೆ, ಬಳಿಕ ಕ್ಷೀಣ ಅಳು, ಜೋತ ರೆಪ್ಪೆ, ಬೆಳಕಿಗೆ ನಿಧಾನವಾಗಿ ಕುಗ್ಗುವ ಪಾಪೆ. ಮೊದಲು ದಾಖಲಿಸಿದ್ದ ಕಡೆ ರಕ್ತದ ಸೋಂಕೆಂದು ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿದ್ದರು. ಕತ್ತು ಪೂರ್ತಿ ಸೋತದ್ದು ಅದರ ನಂತರ; ಬಾಟ್ಯುಲಿಸಮಿನಲ್ಲಿ ಆ ಔಷಧ ದೌರ್ಬಲ್ಯವನ್ನು ಹೆಚ್ಚಿಸುತ್ತದೆ. ಅಜ್ಜಿಯನ್ನು ವಿಚಾರಿಸಿದೆ. “ಬಜೆ ತೇದು ಜೇನಿನಲ್ಲಿ ನೆಕ್ಕಿಸಿದ್ದು ಡಾಕ್ಟ್ರೇ, ಇವನ ಅಪ್ಪನಿಗೂ ನೆಕ್ಕಿಸಿದ್ದೇನೆ,” ಎಂದರು. ಈ ರೋಗದ ಬೀಜಾಣು ಜೇನಿನಲ್ಲಿರಬಹುದು.

ಈ ಬಾರಿ ಪಾದವನ್ನು 33 ಡಿಗ್ರಿ ದಾಟುವವರೆಗೆ ಬೆಚ್ಚಗಿರಿಸಿ ಪರೀಕ್ಷಿಸಿದೆ. ಸಂವೇದನಾ ನರಗಳು ಸರಿಯಿದ್ದವು, ವೇಗ ವಯಸ್ಸಿಗೆ ತಕ್ಕಂತಿತ್ತು, ಸ್ನಾಯುವಿನ ಅಲೆ ಮಾತ್ರ 0.7 ಮಿಲಿವೋಲ್ಟ್ ಆಸುಪಾಸು. 3 ಹರ್ಟ್ಸ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಮಕ್ಕಳ ವೈದ್ಯರು “ಸಾಕು ಬಿಡಿ” ಎಂದರು. ಬಿಡದೆ ಹತ್ತು ಸೆಕೆಂಡು 50 ಹರ್ಟ್ಸ್ ಕೊಟ್ಟೆ. ಅಲೆ ಮೆಟ್ಟಿಲು ಹತ್ತಿದಂತೆ ಬೆಳೆದು ದುಪ್ಪಟ್ಟಾಯಿತು, ವಿಸ್ತೀರ್ಣವೂ ಜೊತೆಗೇ ಏರಿತು, ಹಲವು ನಿಮಿಷ ಕಳೆದರೂ ಕೆಳಗಿಳಿಯಲಿಲ್ಲ. ಸೂಜಿ ಹಾಕಿದಾಗ ಕಿರಿದಾದ, ಚಿಕ್ಕ, ಕಿಕ್ಕಿರಿದ ಅಲೆಗಳು ಕಂಡವು. ಎಲ್ಲವೂ ಬಾಟ್ಯುಲಿಸಮಿಗೆ ಹೊಂದುವಂಥವೇ. ಆ ಹತ್ತು ಸೆಕೆಂಡು ಪಾದ ಅಲುಗದಂತೆ ಹಿಡಿದದ್ದು ಹೇಗೆಂಬುದನ್ನು ಕಣ್ಣೆದುರೇ ತೋರಿಸಬೇಕು, ಬರೆದು ಹೇಳಲಾಗದು.

ಅಂದೇ ಜೆಂಟಾಮೈಸಿನ್ ನಿಲ್ಲಿಸಿ, ಉಸಿರಾಟ ಕೈಕೊಡುವ ಮೊದಲೇ ವೆಂಟಿಲೇಟರಿಗೆ ಸಿದ್ಧಮಾಡಿ, ಮಲದ ಮಾದರಿಯನ್ನು ಕಳುಹಿಸಿದೆವು. ಅದರಲ್ಲಿ ಬಾಟ್ಯುಲಿಸಮಿನ ವಿಷ ಇದೆಯೆಂಬ ವರದಿ ಬಂದದ್ದು ಸುಮಾರು ಮೂರು ವಾರದ ನಂತರ; ಅಷ್ಟರಲ್ಲಿ ಮಗು ಮತ್ತೆ ಹಾಲು ಚೀಪತೊಡಗಿತ್ತು. ಆ ನರ ಪರೀಕ್ಷೆಗೆ ನಾನು ಪಡೆದ ಶುಲ್ಕ 1,200 ರೂಪಾಯಿ.