ದಿನದ ಮೊದಲ ಶಸ್ತ್ರಚಿಕಿತ್ಸೆಯ ವಿಳಂಬವನ್ನು ನೀಗಿಸಿದ ಬಗೆ: ನನ್ನ ಅನುಭವ

ನಮ್ಮ ವಿಭಾಗದಲ್ಲಿ ದಿನದ ಮೊದಲ ಶಸ್ತ್ರಚಿಕಿತ್ಸೆಯೇ ತಡವಾಗಿ ಆರಂಭವಾಗುತ್ತಿದ್ದುದರಿಂದ ಸರದಿಯೆಲ್ಲ ಜಾರಿ, ಕೊನೆಯ ರೋಗಿ ಗಂಟೆಗಟ್ಟಲೆ ನೀರನ್ನೂ ಕುಡಿಯದೆ ಕಾಯಬೇಕಾಗುತ್ತಿತ್ತು. ಸಿಬ್ಬಂದಿಯ ಕೊರತೆಯೇ ಕಾರಣವೆಂದು ನಾನು ಬಹುಕಾಲ ನಂಬಿದ್ದೆ. ಟೊಯೋಟಾ ಕಾರ್ಖಾನೆಗಳ ಉತ್ಪಾದನಾ ಕ್ರಮದಿಂದ ಬೆಳೆದ, ಕೆಲಸದಲ್ಲಿ ವ್ಯರ್ಥವಾಗುವುದನ್ನು ತಗ್ಗಿಸುವ ಲೀನ್ ಪದ್ಧತಿಯು ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಬೇಕೆನ್ನುತ್ತದೆ. ಅದರಂತೆ ವಾರ್ಡಿನಿಂದ ಶಸ್ತ್ರಚಿಕಿತ್ಸಾ ಕೊಠಡಿಯವರೆಗೆ ರೋಗಿಗಳ ಜೊತೆಯಲ್ಲೇ ನಡೆದು, ಪ್ರತಿಯೊಂದು ಕಾಯುವಿಕೆಯನ್ನೂ ಗಡಿಯಾರ ನೋಡಿ ಬರೆದುಕೊಂಡೆ. ‘ಏಕೆ’ ಎಂದು ಮತ್ತೆ ಮತ್ತೆ ಕೇಳುತ್ತಾ ಹೋದಾಗ, ಒಪ್ಪಿಗೆ ಪತ್ರಕ್ಕೆ ಸಹಿಯಾಗಿಲ್ಲ ಅಥವಾ ರಕ್ತಪರೀಕ್ಷೆಯ ವರದಿ ಬಂದಿಲ್ಲ ಎಂಬುದು ರೋಗಿ ಕೊಠಡಿಯ ಬಾಗಿಲಿಗೆ ಬಂದ ಮೇಲಷ್ಟೇ ತಿಳಿಯುತ್ತಿತ್ತು ಎಂಬ ಸಂಗತಿ ಹೊರಬಂತು.

ಈ ಪರಿಶೀಲನೆಯನ್ನು ಹಿಂದಿನ ದಿನದ ಮಧ್ಯಾಹ್ನಕ್ಕೆ ತಂದೆವು. ಕೊರತೆ ಕಂಡ ದಾದಿಯರು ಯಾರ ಅಪ್ಪಣೆಗೂ ಕಾಯದೆ ಸರದಿಯನ್ನು ತಡೆಹಿಡಿಯಬಹುದೆಂದು ಒಪ್ಪಿಕೊಂಡೆವು. ನನ್ನ ದೃಷ್ಟಿಯಲ್ಲಿ ಇದೇ ನಿಜವಾದ ಬದಲಾವಣೆ. ಆದರೆ ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ ಮತ್ತು ರೋಗಿ ಕೊಠಡಿ ಬಿಡುವ ಮುನ್ನ ಮಾಡುವ ಸುರಕ್ಷತಾ ತಪಾಸಣೆಯನ್ನು ನಾವು ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ನಿಲ್ಲುವುದು ವ್ಯರ್ಥ ಸಮಯವಲ್ಲ. ಈಗ ಸಮಯ ನಂಬುವಂತಿರುವುದರಿಂದ, ಅರಿವಳಿಕೆ ತಜ್ಞರು ಅನುಮತಿಸಿದ ರೋಗಿಗಳಿಗೆ ಅರಿವಳಿಕೆಗೆ 2 ಗಂಟೆ ಮುಂಚಿನವರೆಗೂ ನೀರು ಕೊಡುತ್ತಿದ್ದೇವೆ.