ಕಾರು ಸ್ಟಾರ್ಟ್ ಆಗ್ತಿಲ್ವಾ, ನಿಂತಲ್ಲೇ ನಡುಗುತ್ತಾ? ಪಾರ್ಟ್ಸ್ ಬದಲಿಸುವ ಮುಂಚೆ ಇಷ್ಟು ನೋಡಿ

ಸೆಲ್ಫ್ ಹೊಡೆದರೆ ಗಾಡಿ ಹತ್ತಿಕೊಳ್ಳುವುದಿಲ್ಲ. ಹತ್ತಿಕೊಂಡರೂ ಸಿಗ್ನಲ್‌ನಲ್ಲಿ ನಿಂತಾಗ ಗಡಗಡ ನಡುಗುತ್ತದೆ. ಆಗ ಬ್ಯಾಟರಿ, ಕಿಡಿ ಹಾರಿಸುವ ಪ್ಲಗ್, ಪೆಟ್ರೋಲ್ ಪಂಪ್ ಅಂತ ಅಂದಾಜಿನ ಮೇಲೆ ಒಂದೊಂದೇ ಹೊಸದು ಹಾಕಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಮೊದಲು ಗಮನಿಸಬೇಕಾದ್ದು ತೊಂದರೆ ಯಾವಾಗ ಬರುತ್ತದೆ ಅನ್ನುವುದನ್ನು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೋ, ಓಡಿಸಿ ನಿಲ್ಲಿಸಿದ ಮೇಲೋ, ಏಸಿ ಹಾಕಿದಾಗ ಮಾತ್ರವೋ? ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಕಾರುಗಳ ಬಗ್ಗೆ.

ಸೆಲ್ಫ್ ಸದ್ದು ಕೇಳಿ

ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್ ಟಿಕ್ ಅಂದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಸಲ ಟಕ್ ಅಂದು ಸುಮ್ಮನಾದರೆ, ಹೆಡ್‌ಲೈಟ್ ಜೋರಾಗಿಯೇ ಉರಿಯುತ್ತಿದ್ದರೆ, ಸೆಲ್ಫ್ ಮೋಟಾರ್ ಮೇಲೆ ಅನುಮಾನ ಪಡಬೇಕು. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಿಡಿ, ಪೆಟ್ರೋಲ್ ಮತ್ತು ಕಿಡಿಯ ಕಡೆ ನೋಡಿ.

ಬ್ಯಾಟರಿಯನ್ನು ಮಲ್ಟಿಮೀಟರ್‌ನಲ್ಲಿ ನೋಡುವುದು ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್. 12ಕ್ಕೆ ಇಳಿದಿದ್ದರೆ ಖಾಲಿ ಅಂತಲೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಸ್ಟಾರ್ಟ್ ಆದ ಮೇಲೆ ಸುಮಾರು 13.8ರಿಂದ 14.5ರವರೆಗೆ ಬರಬೇಕು. ಬರಲಿಲ್ಲ ಅಂದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ) ಚಾರ್ಜ್ ಮಾಡುತ್ತಿಲ್ಲ. ಆಗ ಹೊಸ ಬ್ಯಾಟರಿ ಹಾಕಿಸಿದರೂ ಅದೂ ಖಾಲಿಯಾಗುತ್ತದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ಉಜ್ಜಿ ತೆಗೆದು, ಬಿಗಿ ಮಾಡಿ ನೋಡಿ. ಎಷ್ಟೋ ಗಾಡಿಗಳ ಕಾಯಿಲೆ ಅಲ್ಲಿಗೇ ವಾಸಿಯಾಗುತ್ತದೆ.

ಪೆಟ್ರೋಲ್ ಬರುತ್ತಿದೆಯಾ?

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ತುಂಬಾ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರುತ್ತದೆ. ಅದು ಪಂಪಿನದು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿಸಿ, ಆಮೇಲೆ ಪಂಪ್. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಗುರುತಿನ ದೀಪ ಮಿಣಮಿಣ ಅನ್ನುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತು ಹಿಡಿದಿಲ್ಲ. ಇನ್ನೊಂದು ಕೀ ಹಾಕಿ ನೋಡಿ.

ಬಿಸಿಯಾದಾಗ ಮಾತ್ರ ಬರುವ ತೊಂದರೆ ಬೇರೆಯೇ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಹೋಗಿ, ಊಟಕ್ಕೆ ನಿಲ್ಲಿಸಿ ಬಂದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಹೀಗಾದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡಿ. ಇಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸುವುದು ಅದೇ. ಅದು ಸುಮ್ಮನಾದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

ನಡುಕ ಎಲ್ಲಿಂದ?

ಇಂಜಿನ್ ಬಿಸಿಯಾದ ಮೇಲೆ ನಿಂತಲ್ಲಿ ಆರ್‌ಪಿಎಂ ಸಾಮಾನ್ಯವಾಗಿ 700ರಿಂದ 900ರ ಒಳಗೆ ಅಲುಗಾಡದೆ ಇರಬೇಕು. ಮುಳ್ಳು ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಸರಿಹೋದರೆ, ಎಲ್ಲೋ ಗಾಳಿ ಕದ್ದು ಒಳಗೆ ನುಗ್ಗುತ್ತಿರಬಹುದು. ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಓಡುವಾಗ, ಇಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಹಾಗಾಗಿ ಸಣ್ಣ ಬಿರುಕೂ ಲೆಕ್ಕ ತಪ್ಪಿಸುತ್ತದೆ. ಸ್ಪೀಡಿನಲ್ಲಿ ಗಾಳಿ ಜಾಸ್ತಿ, ಬಿರುಕು ಗೊತ್ತೇ ಆಗುವುದಿಲ್ಲ. ಥ್ರಾಟಲ್ ಬಾಡಿಯ (ಇಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುವ ಭಾಗ) ಹಿಂದಿನ ರಬ್ಬರ್ ಪೈಪುಗಳನ್ನು ಇಂಜಿನ್ ಆಫ್ ಮಾಡಿ ಬೆರಳಲ್ಲಿ ಬಾಗಿಸಿ ನೋಡಿ. ಬಿರುಕು ಬಹಳ ಸಲ ಪೈಪಿನ ಕೆಳಮೈಯಲ್ಲಿರುತ್ತದೆ, ಮೇಲಿಂದ ಕಾಣುವುದಿಲ್ಲ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸಿ ಲೀಕ್ ಹುಡುಕುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಲೂ ಬಿಡಬೇಡಿ. ಬೆಂಕಿ ಹತ್ತಿಕೊಳ್ಳುತ್ತದೆ.

ನಮ್ಮ ಕಡೆ ಮೆಕ್ಕೆಜೋಳದ ಒಕ್ಕಣೆ ಸಮಯದಲ್ಲಿ ಇನ್ನೆರಡು ಕಾಟ. ದೂಳು, ಹೊಟ್ಟು ಏರ್ ಫಿಲ್ಟರ್ ಕಟ್ಟಿಸುತ್ತದೆ. ಅದರಿಂದ ಪಿಕಪ್ ಕಮ್ಮಿಯಾಗುವುದೇ ಜಾಸ್ತಿ, ನಡುಕಕ್ಕೆ ಅದೊಂದೇ ಕಾರಣ ಅನ್ನಲಾಗದು. ಇಲಿ ಮಾತ್ರ ನಿಜವಾದ ಶತ್ರು. ಜೋಳದ ರಾಶಿ, ಗೋಡೌನ್ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ಎತ್ತಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರುಗಳನ್ನು ಟಾರ್ಚ್ ಹಿಡಿದು ನೋಡಲೇಬೇಕು. ಒಂದು ವೈರ್ ಕಡಿದರೂ ಒಂದು ಸಿಲಿಂಡರ್ ಮಲಗುತ್ತದೆ.

ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಅದಕ್ಕೆಂದೇ ಸಿಗುವ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಒಳಗಿನ ತಟ್ಟೆಯನ್ನು ಬೆರಳಲ್ಲಿ ಜಗ್ಗಬೇಡಿ.

ಪ್ಲಗ್‌ಗಳನ್ನು ಇಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹಾಳಾದೀತು. ತುದಿ ತಿಳಿಕಂದು ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಉರಿಯುತ್ತಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನಲ್ಲಿ ಕಿಡಿ ಬಿದ್ದಿಲ್ಲ.

ಸ್ಕ್ಯಾನರ್ ಹಾಕಿ ನೋಡುವುದು

ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಸಿಗುವ ಜಾಗ) ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ತೊಂದರೆಯ ಕೋಡ್ ಮೊಬೈಲ್‌ನಲ್ಲೇ ಕಾಣುತ್ತದೆ. ಪಿ0301 ಅಂದರೆ 1ನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಪ್ಲಗ್‌ಗೂ ಕಿಡಿಗೆ ಕರೆಂಟ್ ಕೊಡುವ ಬೇರೆ ಬೇರೆ ಕಾಯಿಲ್ ಇದ್ದರೆ, 1ರ ಕಾಯಿಲ್ ಅನ್ನು 3ಕ್ಕೆ, 3ರದ್ದನ್ನು 1ಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲೇ ಕೆಟ್ಟಿದೆ. ಆಗದಿದ್ದರೆ ಪ್ಲಗ್, ಇಂಜೆಕ್ಟರ್ ಕಡೆ ಹೋಗಿ. ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ. ಮತ್ತೆ ಆ ರಬ್ಬರ್ ಪೈಪುಗಳನ್ನೇ ನೋಡಿ.

ಇಂಜಿನ್ ಗುರುತಿನ ದೀಪ ಉರಿಯುವುದು ಬಿಟ್ಟು ಮಿಣುಕುತ್ತಿದ್ದರೆ ಮಾತ್ರ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಅದರ ರಿಪೇರಿ ಕಾಯಿಲ್ ರಿಪೇರಿಗಿಂತ ಎಷ್ಟೋ ಪಟ್ಟು ದುಬಾರಿ. ಅಲ್ಲೇ ನಿಲ್ಲಿಸಿ, ಟೋಯಿಂಗ್‌ಗೆ ಫೋನ್ ಮಾಡಿ. ಮೆಕ್ಯಾನಿಕ್ ಬಂದಾಗ ಆ ಚೀಟಿಯನ್ನು ಕೈಗೆ ಕೊಡಿ.