ಬೀಟಲ್ ಕೊಳ್ಳುವುದೋ, ಕಾರ್ಮನ್ ಗಿಯಾ ಕೊಳ್ಳುವುದೋ? ಒಂದೇ ಬೆಳಗಿನಲ್ಲಿ ಎರಡನ್ನೂ ಪರೀಕ್ಷಿಸುವ ಬಗೆ

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಈ ಎರಡೂ ಹಳೆಯ ಕಾರುಗಳ ದೇಹ ಕಳಚಿ ಪಕ್ಕಪಕ್ಕ ಇಟ್ಟರೆ ಯಾವುದು ಬೀಟಲ್, ಯಾವುದು ಕಾರ್ಮನ್ ಗಿಯಾ ಎಂದು ಹೇಳಲು ಪಳಗಿದವರೂ ಒಂದು ಕ್ಷಣ ತಡೆದು ನೋಡಬೇಕಾಗುತ್ತದೆ. ನಡುವೆ ಬೆನ್ನೆಲುಬಿನಂಥ ಕೊಳವೆ, ಅದರ ಎಡಬಲಕ್ಕೆ ತಗಡಿನ ತಳ, ಹಿಂದಿನ ತುದಿಯಲ್ಲಿ ನೀರಿಲ್ಲದೆ ಗಾಳಿಯಿಂದಲೇ ತಣಿಯುವ ನಾಲ್ಕು ಸಿಲಿಂಡರಿನ ಇಂಜಿನ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎರಡರಲ್ಲೂ 2400 ಮಿ.ಮೀ. ಕಾರ್ಮನ್ ಗಿಯಾದ ತಳ ತುಸು ಅಗಲ, ಅಷ್ಟೆ.

ಮೇಲಿನ ದೇಹದ ಕಥೆ ಬೇರೆ. ಬೀಟಲ್ 2003ರ ಜುಲೈವರೆಗೆ ಮೆಕ್ಸಿಕೊದ ಪ್ವೆಬ್ಲಾದಲ್ಲಿ ತಯಾರಾಗುತ್ತಲೇ ಇತ್ತು. ಒಟ್ಟು ಎರಡು ಕೋಟಿ ಹದಿನೈದು ಲಕ್ಷ ಕಾರುಗಳು. ಇಟಲಿಯ ಟ್ಯೂರಿನ್ನಿನ ಗಿಯಾ ಸಂಸ್ಥೆ ರೂಪಿಸಿದ ಕಾರ್ಮನ್ ಗಿಯಾದ ದೇಹವನ್ನು ಜರ್ಮನಿಯ ಓಸ್ನಾಬ್ರೂಕ್ ನಗರದ ಕಾರ್ಮನ್ ಸಂಸ್ಥೆ 1955ರಿಂದ 1974ರವರೆಗೆ ಕಟ್ಟಿತು. ಅವುಗಳ ಸಂಖ್ಯೆ ನಾಲ್ಕೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಬೀಟಲಿನ ಬಾಗಿಲು, ಮಡ್‌ಗಾರ್ಡ್ ಇಂದಿಗೂ ಸುಲಭವಾಗಿ ಸಿಗುವುದಕ್ಕೂ ಗಿಯಾದವು ದುಬಾರಿಯಾಗಿರುವುದಕ್ಕೂ ಇದೇ ಕಾರಣ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಒಣ ಹವೆಯಿಂದಾಗಿ ಇಲ್ಲಿ ಈ ಕಾರುಗಳು ಇನ್ನೂ ಉಳಿದಿವೆ. ನನ್ನ ಬಳಿ 1967ರ ಬೀಟಲ್ ಒಂದು, 1969ರ ಗಿಯಾ ಒಂದು ಇವೆ. ಎರಡರಲ್ಲೂ 1493 ಸಿ.ಸಿ. ಇಂಜಿನ್. ಕನ್ನಡ ಕೂಟದ ಗೆಳೆಯರು ಯಾವುದು ಒಳ್ಳೆಯದು ಎಂದು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು: ಹೆಸರು ನೋಡುವ ಮೊದಲು ವರ್ಷ ನೋಡಿ, ಇಂಜಿನ್ ನೋಡುವ ಮೊದಲು ತಗಡು ನೋಡಿ.

ಹಂತ 1: ಇಂಜಿನ್ ತಣ್ಣಗಿರುವಾಗಲೇ ಹೋಗಿ

ಮಾರುವವರಿಗೆ ಹಿಂದಿನ ದಿನವೇ ತಿಳಿಸಿ, ಬೆಳಿಗ್ಗೆ ಕಾರು ಚಾಲೂ ಮಾಡಬೇಡಿ ಎಂದು ಕೇಳಿಕೊಳ್ಳಿ. ಹೋದ ಕೂಡಲೇ ಹಿಂದಿನ ಮುಚ್ಚಳ ಎತ್ತಿ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೊರಡಿ. ತಣ್ಣಗಿರುವ ಇಂಜಿನ್ನಿನಲ್ಲಿ ಮಾತ್ರ ಅದರ ನಿಜವಾದ ಸ್ಥಿತಿ ಗೊತ್ತಾಗುತ್ತದೆ.

ಕೆಳಗಿನ ದೊಡ್ಡ ಪುಲಿಯನ್ನು ಎರಡು ಕೈಯಿಂದ ಹಿಡಿದು ನಿಮ್ಮತ್ತ ಎಳೆಯಿರಿ, ಮತ್ತೆ ಒಳಕ್ಕೆ ತಳ್ಳಿ. ಅದು ಅಲುಗಾಡಿದ ಅನುಭವವೇ ಆಗಬಾರದು. ಆ ಪುಲಿ ಕೂತಿರುವ ಕ್ರ್ಯಾಂಕ್ ಶಾಫ್ಟಿಗೆ, ಅಂದರೆ ಇಂಜಿನ್ನಿನ ಮುಖ್ಯ ದಂಡಕ್ಕೆ, ಹಿಂದೆ ಮುಂದೆ ಆಡಲು ಇರುವ ಅವಕಾಶ ಹೆಚ್ಚೆಂದರೆ 0.15 ಮಿ.ಮೀ. ‘ಟಕ್’ ಎಂದು ಹಿಂದೆ ಮುಂದೆ ಆಡಿದರೆ ಬೇರಿಂಗ್ ಸವೆದಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು ಎಂದರ್ಥ. ಈ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು.

ಬಳಿಕ ಪೆಟ್ರೋಲ್ ಪೈಪುಗಳನ್ನು ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ, ಗಡುಸಾಗಿದ್ದರೆ ಕಾರನ್ನು ಓಡಿಸಿ ನೋಡಲೂ ಬೇಡಿ. ಇಂಜಿನ್ ಕೇಸು ಮೆಗ್ನೀಸಿಯಮ್ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ಹತ್ತಿಕೊಂಡರೆ ಆರಿಸುವುದು ಬಹಳ ಕಷ್ಟ.

ಬ್ಯಾಟರಿಯ ಜಾಗ ಎರಡರಲ್ಲೂ ಬೇರೆ. ಬೀಟಲಿನಲ್ಲಿ ಅದು ಹಿಂದಿನ ಸೀಟಿನ ಕೆಳಗಿದೆ. ಮುಚ್ಚಳವಿಲ್ಲದ ಬ್ಯಾಟರಿಯ ಮೇಲೆ ದಪ್ಪ ಆಸಾಮಿ ಕುಳಿತರೆ ಸೀಟಿನ ಸ್ಪ್ರಿಂಗ್ ತಗ್ಗಿ ಟರ್ಮಿನಲ್ಲಿಗೆ ತಾಗಿ ಕಿಡಿ ಹಾರುತ್ತದೆ. ಸೀಟು ಎತ್ತಿ ಮುಚ್ಚಳ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಬ್ಯಾಟರಿಯ ಕೆಳಗಿನ ತಳವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಿಯಾದಲ್ಲಿ ಬ್ಯಾಟರಿ ಇಂಜಿನ್ ಕೋಣೆಯ ಬಲಬದಿಯಲ್ಲೇ ಇದೆ. ಅಲ್ಲಿ ಆ್ಯಸಿಡ್ ತಗಡನ್ನು ತಿಂದಿರುತ್ತದೆ. ಬ್ಯಾಟರಿ ಎತ್ತಿಯೇ ನೋಡಬೇಕು.

ಹಂತ 2: ಆಯಸ್ಕಾಂತ ಹಿಡಿದು ಒಂದು ಸುತ್ತು

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಆಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಗಿಯಾ ಕೊಳ್ಳಬೇಕೋ ಬೇಡವೋ ಎಂಬುದು ಬಹುತೇಕ ಇಲ್ಲಿಯೇ ತೀರ್ಮಾನವಾಗುತ್ತದೆ.

ಬೀಟಲಿನ ನಾಲ್ಕೂ ಮಡ್‌ಗಾರ್ಡುಗಳು ಬೋಲ್ಟು ಹಾಕಿ ಕೂರಿಸಿದವು. ಒಂದು ನುಜ್ಜುಗುಜ್ಜಾದರೆ ಬಿಚ್ಚಿ ಇನ್ನೊಂದು ಹಾಕಬಹುದು. ಮನೆಯಂಗಳದಲ್ಲಿ ಅರ್ಧ ದಿನದ ಕೆಲಸ. ಗಿಯಾದಲ್ಲಿ ಹಾಗಿಲ್ಲ. ಮುಂದಿನ ಮೂಗು, ಮಡ್‌ಗಾರ್ಡು, ಹೆಡ್‌ಲೈಟಿನ ಸುತ್ತಲಿನ ಉಬ್ಬು ಎಲ್ಲವನ್ನೂ ಬೆಸುಗೆ ಹಾಕಿ, ಸಂದುಗಳಿಗೆ ಸೀಸದ ಮಿಶ್ರಲೋಹ ಕರಗಿಸಿ ತುಂಬಿ, ಕೈಯಿಂದಲೇ ಉಜ್ಜಿ ನಯ ಮಾಡಿದ್ದರು. ಇಡೀ ಮೈಯಲ್ಲಿ ಒಂದು ಗೆರೆಯೂ ಕಾಣದ ಆ ಚೆಲುವು ಬಂದದ್ದು ಅಲ್ಲಿಂದ. ಹಾಗಾಗಿಯೇ ಆ ಮೂಗಿಗೆ ಸಣ್ಣ ಪೆಟ್ಟು ಬಿದ್ದರೂ ರಿಪೇರಿ ದೊಡ್ಡದು. ಅದರ ಮುಂದಿರುವುದು ತೆಳ್ಳನೆಯ ಬಂಪರ್ ಮಾತ್ರ. ಐವತ್ತು ವರ್ಷ ದಾಟಿದ ಗಿಯಾದ ಮೂಗು ಒಮ್ಮೆಯಾದರೂ ಎಲ್ಲಾದರೂ ತಗುಲಿರುತ್ತದೆ ಎಂದೇ ಭಾವಿಸಿ ನೋಡಿ.

ಆಯಸ್ಕಾಂತವನ್ನು ಮೂಗಿನ ನಡುವಿನಿಂದ ಹೆಡ್‌ಲೈಟಿನತ್ತ ನಿಧಾನವಾಗಿ ಸರಿಸಿ. ಬೆರಳಗಲದ ಗೆರೆಯಲ್ಲಿ ಹಿಡಿತ ಸಡಿಲವಾಗಿ ಮತ್ತೆ ಗಟ್ಟಿಯಾದರೆ ಅದು ಕಾರ್ಖಾನೆಯವರೇ ಸೀಸ ತುಂಬಿದ ಸಂದು, ಗಾಬರಿ ಬೇಡ. ಅಂಗೈಯಗಲ ಜಾಗದಲ್ಲಿ ಆಯಸ್ಕಾಂತ ಜಾರಿ ಬಿದ್ದರೆ ಒಳಗಿರುವುದು ಪುಟ್ಟಿ. ಆಮೇಲೆ ಮುಂದಿನ ಬಾನೆಟ್ ತೆಗೆದು, ಸ್ಟೆಪ್ನಿ ಎತ್ತಿಟ್ಟು, ಮೂಗಿನ ಒಳಮೈಯನ್ನು ಟಾರ್ಚು ಹಾಕಿ ನೋಡಿ. ಹೊರಗೆ ಕನ್ನಡಿಯಂತೆ ಬಣ್ಣ ಹೊಡೆದವರು ಒಳಗಿನ ಸುತ್ತಿಗೆಯ ಗುರುತನ್ನು ಮರೆಮಾಡಿರುವುದಿಲ್ಲ. ನನ್ನ ಗಿಯಾ ಕೊಂಡಾಗ ನಾನು ಸ್ಟೆಪ್ನಿ ಎತ್ತಲಿಲ್ಲ. ಮೂರು ತಿಂಗಳ ಮೇಲೆ ಬಣ್ಣ ಬಿರುಕು ಬಿಟ್ಟು, ಕೆರೆದಾಗ ಕಿರುಬೆರಳ ದಪ್ಪದ ಪುಟ್ಟಿ ಉದುರಿತು. ಆ ಮೂಗಿನ ಟಿಂಕರಿಂಗ್ ಕೆಲಸಕ್ಕೆ ತೆತ್ತ ಹಣದಲ್ಲಿ ಬೀಟಲಿಗೆ ಇನ್ನೊಂದು ಇಂಜಿನ್ ಬರುತ್ತಿತ್ತು.

ಎರಡೂ ಕಾರುಗಳಲ್ಲಿ ತಪ್ಪದೆ ನೋಡಬೇಕಾದದ್ದು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಹೀಟರ್ ನಾಳ. ಅದು ಬಿಸಿಗಾಳಿಯನ್ನೂ ಒಯ್ಯುತ್ತದೆ, ದೇಹಕ್ಕೆ ಬಲವನ್ನೂ ಕೊಡುತ್ತದೆ. ಅಲ್ಲಿ ತುಕ್ಕು ಹಿಡಿದು ತೂತಾಗಿದ್ದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಮುಂದಿನ ಕಾರು ಹುಡುಕಿ.

ಹಂತ 3: ಹಿಂದಿನ ಆಕ್ಸಲ್ ಯಾವುದೆಂದು ಬಗ್ಗಿ ನೋಡಿ

ರಸ್ತೆಗಿಳಿಯುವ ಮುನ್ನ ಕಾರಿನ ಹಿಂದೆ ಬಗ್ಗಿ ಗೇರ್ ಬಾಕ್ಸಿನತ್ತ ನೋಡಿ. ಒಂದೊಂದು ಬದಿಗೆ ಒಂದೇ ರಬ್ಬರ್ ಚೀಲವಿದ್ದರೆ ಅದು ಹಳೆಯ ಸ್ವಿಂಗ್ ಆಕ್ಸಲ್, ಅಂದರೆ ಗೇರ್ ಬಾಕ್ಸಿನ ಬಳಿ ಮಾತ್ರ ಮಡಚುವ ಬಗೆ. ಎರಡೆರಡಿದ್ದರೆ, ಅಂದರೆ ಒಟ್ಟು ನಾಲ್ಕಿದ್ದರೆ, ಅಮೆರಿಕಕ್ಕೆ 1969ರ ಮಾದರಿಯಿಂದ ಬಂದ ಹೊಸ ಬಗೆಯ ಸಸ್ಪೆನ್ಷನ್. ಗಿಯಾ ತಿರುವುಗಳಲ್ಲಿ ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ಹೊಗಳುವವರಲ್ಲಿ ಹಲವರು ಹಳೆಯ ಬೀಟಲನ್ನು ಹೊಸ ಗಿಯಾದೊಂದಿಗೆ ಹೋಲಿಸಿರುತ್ತಾರೆ. ಮೊದಲ ಎರಡು ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಗೆಳೆಯರೊಬ್ಬರ 1970ರ ಬೀಟಲ್ ಓಡಿಸಿದ ದಿನ ಅರಿವಾಯಿತು, ಹೊಗಳಿಕೆಯ ಅರ್ಧ ಪಾಲು ಆಕ್ಸಲಿಗೆ ಸಲ್ಲಬೇಕು.

ಸ್ವಿಂಗ್ ಆಕ್ಸಲಿನ ಕಾರಿನಲ್ಲಿ, ಅದು ಯಾವುದೇ ಇರಲಿ, ತಿರುವಿನ ಮಧ್ಯದಲ್ಲಿ ಆ್ಯಕ್ಸಲರೇಟರಿನಿಂದ ಕಾಲು ತಟ್ಟನೆ ತೆಗೆಯಬೇಡಿ. ಹಿಂಭಾಗ ಮೇಲೆದ್ದು ಚಕ್ರಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಹದವಾಗಿ ಆ್ಯಕ್ಸಲರೇಟರ್ ಒತ್ತಿ.

ಹಂತ 4: ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿ

ಚಾಲೂ ಮಾಡುವ ಮೊದಲು ಆ್ಯಕ್ಸಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಿ. ತಣ್ಣನೆಯ ಇಂಜಿನ್ನಿಗೆ ಹೋಗುವ ಗಾಳಿಯನ್ನು ತಗ್ಗಿಸುವ ಆಟೊ ಚೋಕ್ ಆಗಲೇ ಮುಚ್ಚಿಕೊಳ್ಳುವುದು. ರಿವರ್ಸ್‌ಗೆ ಗೇರ್ ಕಡ್ಡಿಯನ್ನು ಕೆಳಕ್ಕೆ ಒತ್ತಿ, ಎಡಕ್ಕೆ ಸರಿಸಿ, ಹಿಂದಕ್ಕೆ ಎಳೆಯಬೇಕು.

ಬೀಟಲಿನಲ್ಲಿ ನೀವು ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಕುಳಿತಿರುತ್ತೀರಿ; ಗಾಜು ಮುಖದ ಹತ್ತಿರ, ತಲೆಯ ಮೇಲೆ ಧಾರಾಳ ಜಾಗ. ಗಿಯಾದ ಎತ್ತರ ಸುಮಾರು 17 ಸೆಂ.ಮೀ. ಕಡಿಮೆ. ಕಾಲು ಚಾಚಿ ಕೂರಬೇಕು, ರಸ್ತೆ ಹತ್ತಿರವೆನಿಸುತ್ತದೆ. ಹಿಂದಿನ ಸೀಟು ಹೆಸರಿಗಷ್ಟೆ. ಮಕ್ಕಳಿರುವ ಮನೆಗೆ ಬೀಟಲೇ ಸರಿ.

ಹೊರಡುವಾಗ ಬೀಟಲೇ ಚುರುಕು, ಏಕೆಂದರೆ ಹಗುರ. ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಗಿಯಾ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದೇ ಇಂಜಿನ್ ಅಲ್ಲಿ ಕಡಿಮೆ ದಣಿಯುತ್ತದೆ, ಸದ್ದೂ ಕಡಿಮೆ. ಅಡ್ಡಗಾಳಿ ಬೀಸುವ ಸೇತುವೆಯ ಮೇಲೆ ಬೀಟಲಿನ ಸ್ಟೀರಿಂಗನ್ನು ತಿದ್ದುತ್ತಲೇ ಇರಬೇಕು. ಬ್ರೇಕಿನಲ್ಲೂ ಗಿಯಾ ಮುಂದು: 1967ರ ಮಾದರಿಯಿಂದ ಅದರ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಅಮೆರಿಕದ ಬೀಟಲಿಗೆ ಕೊನೆಯವರೆಗೂ ಡ್ರಮ್ ಬ್ರೇಕೇ. ನೂರಾರು ಕಿಲೋಮೀಟರ್ ಹೋಗಬೇಕಾದ ದಿನ ನಾನು ಗಿಯಾದ ಕೀಲಿಯನ್ನೇ ಎತ್ತಿಕೊಳ್ಳುತ್ತೇನೆ.

ಹಂತ 5: ಕೊಂಡ ಮೊದಲ ವಾರವೇ ಟ್ಯಾಪೆಟ್ ಸೆಟ್ ಮಾಡಿ

ಟ್ಯಾಪೆಟ್ ಸೆಟ್ ಮಾಡುವುದೆಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಣ್ಣ ಅಂತರವನ್ನು ಸರಿಪಡಿಸುವುದು. ಇದನ್ನು ನೀವೇ ಕಲಿಯಿರಿ. ಎರಡಕ್ಕೂ ವಿಧಾನ ಒಂದೇ. ಗಿಯಾದ ದೇಹ ತಗ್ಗಾದ್ದರಿಂದ ಜಾಕ್ ಏರಿಸಿ ಗಟ್ಟಿಯಾದ ಸ್ಟ್ಯಾಂಡ್ ಕೊಡುವುದು ಒಳಿತು. ಕಾರು ರಾತ್ರಿಯಿಡೀ ತಣ್ಣಗಾಗಿರಬೇಕು. ಬೇಕಾದದ್ದು 13 ಮಿ.ಮೀ. ರಿಂಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು), ಎರಡು ಹೊಸ ಕಾರ್ಕ್ ಗ್ಯಾಸ್ಕೆಟ್.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಡಿಸ್ಟ್ರಿಬ್ಯೂಟರಿನ ಅಂಚಿನಲ್ಲಿರುವ ಸಣ್ಣ ಗೀರಿನತ್ತ ಒಳಗೆ ತಿರುಗುವ ರೋಟರ್ ಮುಖ ಮಾಡುವವರೆಗೆ ಇಂಜಿನ್ ತಿರುಗಿಸಿ. ಪುಲಿಯ ಗುರುತು ಕೇಸಿನ ನಡುಗೆರೆಗೆ ಕೂಡಬೇಕು. ಈಗ ಬಲಬದಿ ಮುಂದಿನ 1ನೇ ಸಿಲಿಂಡರಿನ ಎರಡೂ ವಾಲ್ವುಗಳು ಮುಚ್ಚಿರುತ್ತವೆ. ತಂತಿಯ ಕೊಂಡಿಯನ್ನು ಕೆಳಕ್ಕೆ ತಳ್ಳಿ ವಾಲ್ವ್ ಮುಚ್ಚಳ ಬಿಚ್ಚಿ. 1960ರ ದಶಕದ ನಡುವಿನ ಮೇಲೆ ಬಂದ ಇಂಜಿನ್ನುಗಳಿಗೆ ಅಂತರ 0.15 ಮಿ.ಮೀ.; ಅದಕ್ಕಿಂತ ಹಳೆಯದಾದರೆ ಅದರ ಕೈಪಿಡಿಯ ಅಳತೆಯನ್ನೇ ನಂಬಿ. ಗೇಜಿನ ಎಲೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ತುಸು ತಡೆಯೊಂದಿಗೆ ಜಾರಬೇಕು. ನಟ್ಟು ಬಿಗಿಯುವಾಗ ಅಂತರ ಬದಲಾಗುವುದರಿಂದ ಮತ್ತೊಮ್ಮೆ ಅಳೆಯಿರಿ.

ಈ ಇಂಜಿನ್ ಉರಿಯುವ ಕ್ರಮ 1-4-3-2. ಆದ್ದರಿಂದ ಪುಲಿಯನ್ನು ಎಡಕ್ಕೆ, ಅಂದರೆ ಹಿಮ್ಮುಖವಾಗಿ, ಅರ್ಧ ಸುತ್ತು ತಿರುಗಿಸುತ್ತ ಹೋದರೆ 2, 3, 4 ಎಂದು ಸಾಲಾಗಿ ಸಿಗುತ್ತವೆ.

ಅಂತರ ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಅಪಾಯ ಕಡಿಮೆ. ಅಂತರ ಮುಚ್ಚಿಹೋದರೆ ಸದ್ದೇ ಬರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಪೀಠಕ್ಕೆ ಪೂರ್ತಿ ಕೂರದೆ, ಶಾಖ ಬಿಟ್ಟುಕೊಡಲಾಗದೆ ಸುಡುತ್ತದೆ. ಮೊದಲು ಹೋಗುವುದು ಸಾಮಾನ್ಯವಾಗಿ 3ನೆಯದು. 1971ಕ್ಕೆ ಮುಂಚಿನ ಇಂಜಿನ್ನುಗಳಲ್ಲಿ ಆಯಿಲ್ ಕೂಲರ್ ಆ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ನಿಂತಿರುತ್ತದೆ. ನಾನು ಪ್ರತಿ 5000 ಕಿ.ಮೀ.ಗೆ ಟ್ಯಾಪೆಟ್ ನೋಡುತ್ತೇನೆ, ಆಗಲೇ ಎರಡೂವರೆ ಲೀಟರ್ ಇಂಜಿನ್ ಆಯಿಲನ್ನೂ ಬದಲಿಸುತ್ತೇನೆ. ಈ ಇಂಜಿನ್ನಿಗೆ ಕಾಗದದ ಫಿಲ್ಟರ್ ಇಲ್ಲ, ಒಂದು ಜಾಲರಿ ಮಾತ್ರ. ಅದರ ಆರು ಸಣ್ಣ ನಟ್ಟುಗಳನ್ನು ಬಲಹಾಕಿ ಬಿಗಿದರೆ ಸ್ಟಡ್ ಕಿತ್ತು ಬರುತ್ತದೆ.

ಹಂತ 6: ಬೆಲ್ಟು

ಜನರೇಟರ್ ಮತ್ತು ಗಾಳಿಯ ಫ್ಯಾನ್ ಒಂದೇ ಶಾಫ್ಟಿನಲ್ಲಿವೆ. ಓಡುವಾಗ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿದರೆ ಕೂಡಲೇ ನಿಲ್ಲಿಸಿ. ಬೆಲ್ಟು ಹರಿದಿದ್ದರೆ ಇಂಜಿನ್ನಿಗೆ ಗಾಳಿಯೂ ನಿಂತಿದೆ. ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಒಂದೂವರೆ ಸೆಂ.ಮೀ. ತಗ್ಗಬೇಕು. ಸಡಿಲವಿದ್ದರೆ 21 ಮಿ.ಮೀ. ನಟ್ಟು ಬಿಚ್ಚಿ, ಜನರೇಟರ್ ಪುಲಿಯ ಎರಡು ಹೋಳುಗಳ ನಡುವಿನ ಷಿಮ್ (ತೆಳು ಬಿಲ್ಲೆ) ಒಂದನ್ನು ತೆಗೆದು ಹೊರಗಡೆ, ನಟ್ಟಿನ ಕೆಳಗೆ ಸೇರಿಸಿ. ಆಗ ಅದು ಕಳೆದುಹೋಗುವುದೂ ಇಲ್ಲ.

ಎಲ್ಲ ಮುಗಿದ ಮೇಲೆ ಕಾರಿನ ಕೆಳಗೆ ಒಂದು ರಟ್ಟು ಹಾಸಿಟ್ಟು, ನೀವು ಮನೆಯೊಳಗೆ ಹೋಗಿ ಮಲಗಿ. ಬೆಳಿಗ್ಗೆ ಅದನ್ನು ಎಳೆದು, ಬಿದ್ದ ಕಲೆ ಯಾವ ಜಾಗದ ನೇರಕ್ಕಿದೆ ಎಂದು ನೋಡಿ: ಬದಿಗಳಲ್ಲಿದ್ದರೆ ವಾಲ್ವ್ ಮುಚ್ಚಳದ ಗ್ಯಾಸ್ಕೆಟ್ ಓರೆಯಾಗಿ ಕೂತಿದೆ, ನಡುವಿನಲ್ಲಿದ್ದರೆ ಜಾಲರಿಯ ತಟ್ಟೆ.